ಗಾಂಜಾಕ್ಕೆ ಒಂದು ದಿನ, ಬಂದೂಕಿಗೆ 55 ವರ್ಷ

ಅಮೆರಿಕದಲ್ಲಿ ಡ್ರಗ್ಸ್ ಮಾರುವವನ ಹತ್ತಿರ ಬಂದೂಕು ಸಿಕ್ಕಿದರೆ ಕೇಸು ರಾಜ್ಯದ ಕೋರ್ಟಿಗೂ ಹೋಗಬಹುದು, ಫೆಡರಲ್ ಅಂದರೆ ಕೇಂದ್ರದ ಕೋರ್ಟಿಗೂ ಹೋಗಬಹುದು. ನಮ್ಮಲ್ಲಿ ಹೀಗೆ ಎರಡು ಬೇರೆ ಬೇರೆ ಕೋರ್ಟು ವ್ಯವಸ್ಥೆ ಇಲ್ಲ. ಅಲ್ಲಿ ಎಷ್ಟೋ ಸಲ ಆರೋಪಿಯ ಬದುಕು ನಿಂತಿರುವುದೇ ಕೇಸು ಯಾವ ಕೋರ್ಟಿಗೆ ಹೋಯಿತು ಅನ್ನುವುದರ ಮೇಲೆ.

ಬಂದೂಕಿಗೆಂದೇ ಬೇರೆ ಫೆಡರಲ್ ಶಿಕ್ಷೆ ಶುರುವಾಗಿದ್ದು 1968ರಲ್ಲಿ. ಮಾರ್ಟಿನ್ ಲೂಥರ್ ಕಿಂಗ್, ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದ ವರ್ಷ ಅದು. ಅಕ್ಟೋಬರ್‌ನಲ್ಲಿ ಗನ್ ಕಂಟ್ರೋಲ್ ಆಕ್ಟ್ ಬಂತು. ಅಪರಾಧ ಮಾಡುವಾಗ ಬಂದೂಕು ಬಳಸಿದರೆ ಹೆಚ್ಚುವರಿ ಶಿಕ್ಷೆ ಅಂತ ಅದರ 924(ಸಿ) ಕಲಮು ಹೇಳಿತು. ದರೋಡೆಗೆ ಹೊರಟವನು ಬಂದೂಕನ್ನಾದರೂ ಮನೆಯಲ್ಲಿ ಬಿಟ್ಟು ಹೋಗಲಿ ಅನ್ನೋದು ಉದ್ದೇಶ. ಒಳ್ಳೆಯ ಉದ್ದೇಶವೇ.

ಆಮೇಲೆ ಬಿಗಿ ಜಾಸ್ತಿಯಾಗುತ್ತಾ ಹೋಯಿತು. 1984ರಲ್ಲಿ ಕಡ್ಡಾಯ 5 ವರ್ಷ. ಅದೇ ವರ್ಷದ ಕಾನೂನು ಫೆಡರಲ್ ಪರೋಲನ್ನೂ, ಅಂದರೆ ಅವಧಿಗೆ ಮುಂಚಿನ ಬಿಡುಗಡೆಯನ್ನೂ ತೆಗೆಯಿತು. 1986ರಲ್ಲಿ, ಕ್ರ್ಯಾಕ್ ಕೊಕೇನ್ ಭಯ ದೇಶವನ್ನೇ ಹಿಡಿದಿದ್ದಾಗ, ಡ್ರಗ್ಸ್ ದಂಧೆಯನ್ನೂ ಕಲಮಿಗೆ ಸೇರಿಸಿದರು. ಸುಮ್ನೆ ಹತ್ತಿರ ಇಟ್ಟುಕೊಂಡಿದ್ದರೆ ಬಳಸಿದ ಹಾಗಾಗುವುದಿಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಬಿಡಲಿಲ್ಲ. ದಂಧೆಗೆ ನೆರವಾಗಲೆಂದು ಇಟ್ಟುಕೊಂಡಿದ್ದರೂ ಸಾಕು ಎಂದು 1998ರಲ್ಲಿ ತಿದ್ದಿತು. ಎರಡನೇ ಆರೋಪಕ್ಕೆ 25 ವರ್ಷ. ಆ ಎರಡನೆಯದು ಅದೇ ಕೇಸಿನ ಇನ್ನೊಂದು ಆರೋಪವೂ ಆಗಬಹುದಿತ್ತು. ದೊಡ್ಡ ಅನ್ಯಾಯ ನುಗ್ಗಿದ್ದು ಇಲ್ಲಿಂದಲೇ.

ಅಷ್ಟರಲ್ಲಿ ವರ್ಜೀನಿಯಾದ ರಿಚ್ಮಂಡ್‌ನಲ್ಲಿ 1997ರಿಂದ 'ಪ್ರಾಜೆಕ್ಟ್ ಎಕ್ಸೈಲ್' ನಡೆದಿತ್ತು. ಅಕ್ರಮ ಬಂದೂಕಿನ ಕೇಸುಗಳನ್ನು ಸಾಲಾಗಿ ಫೆಡರಲ್ ಕೋರ್ಟಿಗೆ ಒಯ್ದರು. ಅಕ್ರಮ ಬಂದೂಕಿಗೆ 5 ವರ್ಷ ಫೆಡರಲ್ ಜೈಲು ಎಂದು ಊರಲ್ಲೆಲ್ಲ ಜಾಹೀರಾತು ಹಾಕಿದರು. ಬಂದೂಕು ಪರ ಇರುವ ಎನ್‌ಆರ್‌ಎ ಸಂಘಟನೆ, ಬಂದೂಕು ನಿಯಂತ್ರಣ ಕೇಳುವವರು, ಇಬ್ಬರೂ ಬೆಂಬಲಿಸಿದರು. ಊರಲ್ಲಿ ಕೊಲೆಗಳು ಕಡಿಮೆಯಾದವು. ಆದರೆ ಆ ವರ್ಷಗಳಲ್ಲಿ ಬೇರೆ ಊರುಗಳಲ್ಲೂ ಕಡಿಮೆಯಾಗಿದ್ದವು, ಹಾಗಾಗಿ ಯಶಸ್ಸು ಯಾರದು ಎಂಬ ವಾದ ಮುಗಿಯಲಿಲ್ಲ.

ಈಗ ವೆಲ್ಡನ್ ಏಂಜೆಲೋಸ್ ಕಥೆಗೆ ಬರೋಣ. ಸಾಲ್ಟ್ ಲೇಕ್ ಸಿಟಿಯ ಯುವಕ, ಸಂಗೀತ ನಿರ್ಮಾಪಕ. ಪೊಲೀಸರ ಮಾಹಿತಿದಾರನಿಗೆ ಮೂರು ಸಲ ಗಾಂಜಾ ಮಾರಿದ. ಪ್ರತಿ ಸಲ ಸುಮಾರು 225 ಗ್ರಾಂ, ಬೆಲೆ 350 ಡಾಲರ್. ಎರಡು ಸಲ ಅವನ ಹತ್ತಿರ ಪಿಸ್ತೂಲು ಇತ್ತು ಎಂದು ಮಾಹಿತಿದಾರ ಹೇಳಿದ. ಮನೆ ಜಾಲಾಡಿದಾಗ ಇನ್ನಷ್ಟು ಬಂದೂಕು ಸಿಕ್ಕವು. ಯಾರಿಗೂ ಗುರಿ ಇಟ್ಟಿರಲಿಲ್ಲ. ತಪ್ಪೊಪ್ಪಿಕೊಂಡರೆ 15 ವರ್ಷ ಎಂದರು ಪ್ರಾಸಿಕ್ಯೂಟರ್‌ಗಳು, ಅಂದರೆ ಸರ್ಕಾರಿ ವಕೀಲರು. ಅವನು ಒಪ್ಪಲಿಲ್ಲ. ಆರೋಪಗಳು ಹೆಚ್ಚಾದವು. ಬಂದೂಕಿನ ಮೂರು ಆರೋಪ ಸಾಬೀತಾದವು: 5, 25, 25. ಒಟ್ಟು 55 ವರ್ಷ.

ಈ ಕೇಸಿನ ನ್ಯಾಯಾಧೀಶ ಪಾಲ್ ಕ್ಯಾಸೆಲ್ ಅವರನ್ನು ನೇಮಿಸಿದ್ದು ಜಾರ್ಜ್ ಡಬ್ಲ್ಯೂ ಬುಷ್. ಈ ಶಿಕ್ಷೆ ಅನ್ಯಾಯ, ಕ್ರೂರ ಎಂದು 2004ರ ತೀರ್ಪಿನಲ್ಲಿ ಕ್ಯಾಸೆಲ್ ಅವರೇ ಬರೆದರು. ಉಳಿದ ಎಲ್ಲ ಆರೋಪಗಳಿಗೂ ಸೇರಿ ಒಂದೇ ದಿನ ಕೊಟ್ಟರು. 55 ವರ್ಷವನ್ನು ಮಾತ್ರ ತಗ್ಗಿಸಲು ಆಗಲಿಲ್ಲ. ಅದೇ ದಿನಗಳಲ್ಲಿ, ವೃದ್ಧೆಯೊಬ್ಬರನ್ನು ಮರದ ತುಂಡಿನಿಂದ ಹೊಡೆದು ಕೊಂದವನಿಗೆ ಅವರು ಕೊಟ್ಟಿದ್ದು 22 ವರ್ಷ. ಯಾವ ಆರೋಪ, ಎಷ್ಟು ಆರೋಪ ಎಂದು ತೀರ್ಮಾನಿಸುವವರು ಪ್ರಾಸಿಕ್ಯೂಟರ್. ಶಿಕ್ಷೆಯ ಕೀಲಿಕೈ ಅವರ ಜೇಬಿಗೆ ಹೋಗಿದ್ದು ಹೀಗೆ.

ಏಂಜೆಲೋಸ್ 2016ರಲ್ಲಿ ಹೊರಬಂದ, 2020ರಲ್ಲಿ ಅಧ್ಯಕ್ಷರ ಕ್ಷಮಾದಾನವೂ ಸಿಕ್ಕಿತು. ನಡುವೆ 2018ರ ಡಿಸೆಂಬರ್‌ನಲ್ಲಿ ಫಸ್ಟ್ ಸ್ಟೆಪ್ ಆಕ್ಟ್ ಎಂಬ ಕಾನೂನು ಬಂದು ಆ ಕಲಮನ್ನು ಸಡಿಲಿಸಿತು. ಹಿಂದಿನ ಕೇಸಿನಲ್ಲಿ ಇದೇ ಕಲಮಿನಡಿ ಶಿಕ್ಷೆ ಖಾಯಂ ಆಗಿದ್ದರೆ ಮಾತ್ರ ಈಗ 25 ವರ್ಷ. ಆದರೆ ಹಳೆಯ ಲೆಕ್ಕದಲ್ಲಿ ಆಗಲೇ ಶಿಕ್ಷೆ ಪಡೆದು ಒಳಗಿದ್ದವರಿಗೆ ಇದು ತಾನಾಗಿ ಅನ್ವಯಿಸಲಿಲ್ಲ. ಅವರು ಒಬ್ಬೊಬ್ಬರಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು.