ಗುಣಾಕಾರ ತಪ್ಪುವ ಸಂಗಮ

ಮಳೆಗಾಲದ ಬೆಳಿಗ್ಗೆ ದಾವಣಗೆರೆಯ ಮಂಡಕ್ಕಿ ಅಂಗಡಿಯಲ್ಲಿ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹುಡುಕುವುದು ಭದ್ರಾ ಜಲಾಶಯದ ಮಟ್ಟವನ್ನು. ಗರಿಷ್ಠ 186 ಅಡಿಗೆ ಇನ್ನೆಷ್ಟು ಬಾಕಿ ಎಂಬುದು ಭತ್ತ ಬೆಳೆಯುವವರಿಗೆಲ್ಲ ಬಾಯಿಪಾಠ. ತುಂಗಭದ್ರೆಯ ದಡದ ಹರಿಹರದ ನೆರೆಹಾವಳಿಯ ಸಂಖ್ಯಾಶಾಸ್ತ್ರವೂ ಆ ಒಂದು ಸಾಲಿನಲ್ಲಿಯೇ ಅಡಗಿದೆ.

ತುಂಗೆಯಲ್ಲಿ ಮಹಾನೆರೆ ಬರುವ ಸಂಭವ ವರ್ಷಕ್ಕೆ 1/100, ಭದ್ರೆಯಲ್ಲಿಯೂ ಅಷ್ಟೇ ಎಂದಿಟ್ಟುಕೊಳ್ಳೋಣ. ಎರಡೂ ಒಟ್ಟಿಗೆ ಉಕ್ಕುವ ಸಂಭವ 10,000ಕ್ಕೆ ಒಂದು ಎನ್ನುತ್ತದೆ ಶಾಲೆಯ ಗುಣಾಕಾರ. ದಾಳಗಳಿಗೆ ಒಪ್ಪುವ ಈ ಲೆಕ್ಕ, ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿ, ಒಂದೇ ಮುಂಗಾರನ್ನು ಕುಡಿದು, ಕೂಡಲಿಯಲ್ಲಿ ಸೇರುವ ಅಕ್ಕತಂಗಿಯರಿಗೆ ಒಪ್ಪುವುದಿಲ್ಲ. ತುಂಗೆ ಉಕ್ಕಿದ ಹತ್ತು ಸಲದಲ್ಲಿ ನಾಲ್ಕು ಸಲ ಭದ್ರೆಯೂ ಉಕ್ಕುವುದೆಂದು ಊಹಿಸಿದರೂ ಜಂಟಿ ಸಂಭವ 250ಕ್ಕೆ ಒಂದಾಗುತ್ತದೆ. ನಲವತ್ತು ಪಟ್ಟಿನ ವ್ಯತ್ಯಾಸ!

ಈ ನಂಟು ಸದಾ ಒಂದೇ ಬಿಗಿಯಲ್ಲಿರುವುದೂ ಇಲ್ಲ. ಆರಿದ್ರಾ ಮಳೆಗೆ ಗಾಜನೂರಿನ ಸಣ್ಣ ಅಣೆಕಟ್ಟು ತುಂಬಿ ತುಂಗೆ ಕೆಂಪಾಗಿ ಹರಿದರೂ, ಲಕ್ಕವಳ್ಳಿಯ ದೊಡ್ಡ ಭದ್ರಾ ಜಲಾಶಯವು ಖಾಲಿ ಹಗೇವು ಕಾಳು ನುಂಗುವಂತೆ ಭದ್ರೆಯನ್ನು ನುಂಗಿಕೊಳ್ಳುತ್ತದೆ. ಆಶ್ಲೇಷಾ ಮಳೆಯ ಹೊತ್ತಿಗೆ ಹಗೇವು ಬಾಯಿಮಟ್ಟ ತುಂಬಿತೆನ್ನಿ, ಆಮೇಲೆ ಸುರಿದದ್ದೆಲ್ಲ ಅಂಗಳಕ್ಕೆ. ಮದುವೆ ಮನೆಯಲ್ಲಿ ಮಾತ್ರ ಒಂದಾಗುವ ದಾಯಾದಿಗಳಂತೆ, ದಿನವೂ ದೂರ ದೂರವಿರುವ ಈ ನದಿಗಳು ಅತಿವೃಷ್ಟಿಯ ತುದಿಯಲ್ಲಿ ಕೈಹಿಡಿಯುತ್ತವೆ. ಎರಡು ಅಳತೆಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆಂದು ಹೇಳುವ ಸಹಸಂಬಂಧದ ಒಂದೇ ಸರಾಸರಿ ಅಂಕಿಗೆ ಇದು ಕಾಣುವುದಿಲ್ಲ. ಪ್ರತಿ ಚರದ, ಅಂದರೆ ಬದಲಾಗುವ ಪ್ರತಿ ಅಳತೆಯ, ಸ್ವಭಾವವನ್ನೂ ಚರಗಳ ನಡುವಿನ ನಂಟನ್ನೂ ಬೇರೆ ಬೇರೆಯಾಗಿ ಬರೆದು ಮತ್ತೆ ಕೂಡಿಸಬಹುದೆಂದು ಗಣಿತಜ್ಞ ಏಬ್ ಸ್ಕ್ಲಾರ್ 1959ರಲ್ಲಿ ತೋರಿಸಿ, ಆ ನಂಟಿನ ಫಲನವನ್ನು ಕೊಂಡಿ ಎಂಬರ್ಥದ ಲ್ಯಾಟಿನ್ ಪದದಿಂದ ‘ಕಾಪ್ಯುಲಾ’ ಎಂದು ಕರೆದರು. ತುದಿಯಲ್ಲಿ ಮಾತ್ರ ಬಿಗಿಯಾಗುವ ಕೊಂಡಿಗಳೂ ಅದರಲ್ಲಿವೆ.

ಕಡಲತೀರದಲ್ಲಿಯೂ ಇದೇ ಕಥೆ. ಚಂಡಮಾರುತಕ್ಕೆ ಅಮಾವಾಸ್ಯೆಯನ್ನು ದೂರುವವರು ಗಮನಿಸಬೇಕು: ಚಂದ್ರನ ಪಾಲಿಗೆ ಬರುವುದು ಉಬ್ಬರವಷ್ಟೇ, ಆದ್ದರಿಂದ ಉಬ್ಬರಕ್ಕೂ ಬಿರುಗಾಳಿಗೂ ಗುಣಾಕಾರ ಬಹುಮಟ್ಟಿಗೆ ಸಲ್ಲುತ್ತದೆ. ಆದರೆ ಕಡಲನ್ನು ದಡಕ್ಕೆ ನೂಕುವ ಗಾಳಿ ಮತ್ತು ನದಿಯನ್ನು ಉಕ್ಕಿಸುವ ಮಳೆ ಒಂದೇ ಚಂಡಮಾರುತದ ಮಕ್ಕಳು. ಅಲ್ಲಿ ಗುಣಿಸಿದವರು ತಡೆಗೋಡೆಯನ್ನು ಗಿಡ್ಡವಾಗಿ ಕಟ್ಟುತ್ತಾರೆ.

ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿಬಿದ್ದ ಮೇಲೆ 89 ವರ್ಷ ಕಳೆದು 2022ರಲ್ಲಿ ಮತ್ತೆ ಕೋಡಿಬಿದ್ದಿತು. ಇನ್ನು ಮೊಮ್ಮಕ್ಕಳ ಕಾಲಕ್ಕೇ ಸರಿ ಎಂದುಕೊಂಡವರು 2025ರ ಜನವರಿಯಲ್ಲಿ ಪುನಃ ಬಾಗಿನದ ಮೊರ ಕೊಳ್ಳಬೇಕಾಯಿತು. ವೇದಾವತಿಯನ್ನೇ ನಂಬಿದ್ದ ಆ ಜಲಾಶಯಕ್ಕೆ ಈಗ ಭದ್ರೆಯ ನೀರನ್ನೂ ಎತ್ತಿ ಹರಿಸುತ್ತಾರೆ. ಲಕ್ಕವಳ್ಳಿಯ 186 ಅಡಿಯ ಲೆಕ್ಕವನ್ನು ಇನ್ನು ಹಿರಿಯೂರಿನವರೂ ಓದಬೇಕು.