20 ತುಂಬುವ ಮುಂಚೆ ಲಾರಿ ಸ್ಟೇರಿಂಗ್ ಹಿಡಿಯಬಹುದಾ?

ಪ್ರಶ್ನೆ: ಅಣ್ಣಾ, ನಮ್ಮದು ಆಲೂರು ಕಡೆ. ನನಗೆ 18 ತುಂಬಿ ಮೂರು ತಿಂಗಳಾಯಿತು. ಪಿಯುಸಿ ಅರ್ಧಕ್ಕೆ ಬಿಟ್ಟೆ. ಲಾರಿ ಡ್ರೈವರ್ ಆಗಬೇಕು ಅಂತ ಆಸೆ, ಮನೆಯಲ್ಲಿ ಬೇಡ ಅಂತಾರೆ. ಹೆವಿ ಲೈಸೆನ್ಸ್ ಈಗಲೇ ಮಾಡಿಸಬಹುದಾ? ಇಲ್ಲಾ ಕ್ಲೀನರ್ ಆಗಿ ಹೋಗಲಾ?

ಉತ್ತರ: ಹೆವಿ ಲೈಸೆನ್ಸ್ ಈಗಲೇ ಆಗಲ್ಲ ತಮ್ಮಾ. 18ಕ್ಕೆ ಸಿಗುವುದು ಎಲ್‌ಎಂವಿ, ಅಂದರೆ ಕಾರು ಜೀಪಿನ ಲೈಸೆನ್ಸ್. ಹಳದಿ ಬೋರ್ಡಿನ ಗಾಡಿ ಓಡಿಸಲು 20 ತುಂಬಿರಬೇಕು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇನ್ನೊಂದು ಷರತ್ತೂ ಇದೆ, ಹುಡುಗರು ಎಡವುವುದೇ ಅಲ್ಲಿ. ಎಲ್‌ಎಂವಿ ಲೈಸೆನ್ಸ್ ಕೈಗೆ ಬಂದು ಒಂದು ವರ್ಷ ಆಗಿರದಿದ್ದರೆ ಹೆವಿಗೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಕೊಡುವುದಿಲ್ಲ. 20 ಆಗಲಿ ಅಂತ ಸುಮ್ನೆ ಕೂತರೆ ಮತ್ತೊಂದು ವರ್ಷ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಎಲ್‌ಎಂವಿಯ ಎಲ್‌ಎಲ್‌ಗೆ ಈ ತಿಂಗಳೇ ಅರ್ಜಿ ಹಾಕು. ಅದು ಆರು ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು.

ಓದು ಬಿಟ್ಟಿದ್ದೀಯ ಅಂತ ಹೆದರಬೇಡ. ಮೊದಲು 8ನೇ ತರಗತಿ ಪಾಸಾಗಿರಬೇಕಿತ್ತು, 2019ರಲ್ಲಿ ಆ ನಿಯಮ ತೆಗೆದರು.

ಕ್ಲೀನರ್ ಆಗಿ ಹೋಗು. ನನ್ನ ಮಾತು ಕೇಳುವುದಾದರೆ, ನಿಜವಾದ ಡ್ರೈವಿಂಗ್ ಸ್ಕೂಲ್ ಅದೇ. ಟೈರಿಗೆ ರಾಡಲ್ಲಿ ಬಡಿದು ಸದ್ದಲ್ಲೇ ಗಾಳಿ ಕಮ್ಮಿಯಾಗಿರೋದು ಕಂಡುಹಿಡಿಯುವುದು, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು, ಬ್ರೇಕಿಗೆ ಗಾಳಿ ಕೊಡುವ ಏರ್ ಟ್ಯಾಂಕಲ್ಲಿ ಕೂಡಿದ ನೀರು ಬಿಡುವುದು, ರಿವರ್ಸಲ್ಲಿ ಕೈ ತೋರಿಸುವುದು, ಇವೆಲ್ಲ ಲಾರಿ ಜೊತೆ ತಿರುಗಿದರೆ ಮಾತ್ರ ಬರುತ್ತವೆ. ಜಾಸ್ತಿ ಕಲಿಯಬೇಕಾದದ್ದು ಮಾತ್ರ ಶಿರಾಡಿ ಘಾಟಿಯಲ್ಲಿದೆ. ದೋಣಿಗಾಲ್ ದಾಟಿದ ಮೇಲೆ ಡ್ರೈವರ್ ಕಾಲು ನೋಡ್ತಾ ಇರು. ಒಳ್ಳೆ ಡ್ರೈವರ್ ಬ್ರೇಕ್ ಮೇಲೆ ಕಾಲಿಟ್ಟೇ ಕೂರಲ್ಲ. ಯಾವ ಗೇರಲ್ಲಿ ಹತ್ತುತ್ತದೋ ಅದೇ ಗೇರಲ್ಲಿ ಇಳಿಸುತ್ತಾನೆ, ಗಾಡಿಯನ್ನು ಇಂಜಿನ್ನೇ ಹಿಡಿದುಕೊಂಡಿರುತ್ತದೆ. ಬ್ರೇಕನ್ನೇ ತುಳಿಯುತ್ತಾ ಬಂದರೆ ಡ್ರಮ್ ಕಾದು ಲೈನರ್ ಹಿಡಿತ ಬಿಡುತ್ತದೆ. ಪದೇ ಪದೇ ತುಳಿದರೆ ಏರ್ ಟ್ಯಾಂಕಿನ ಗಾಳಿಯೂ ಇಳಿಯುತ್ತದೆ. ಡೀಸೆಲ್ ಉಳಿಸೋಕೆ ಇಳಿಜಾರಲ್ಲಿ ನ್ಯೂಟ್ರಲ್ ಹಾಕುವವರು ಈಗಲೂ ಇದ್ದಾರೆ. ಅಂಥವರ ಜೊತೆ ಎರಡನೇ ಟ್ರಿಪ್ ಹೋಗಬೇಡ.

ಮಳೆಗಾಲದ ಪಾಠ ಬೇರೆ. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದದ್ದು ನಿನಗೂ ನೆನಪಿರಬೇಕು, ಅಲ್ವಾ? ಶಿರಾಡಿ ಬಂದಾಯಿತು ಅಂತ ಭಾರಿ ಲಾರಿಯನ್ನು ಚಾರ್ಮಾಡಿಗೆ ತಿರುಗಿಸೋಕೂ ಆಗಲ್ಲ, ಅಲ್ಲಿ ನಿರ್ಬಂಧ ಇದೆ. ಕಾಯಬೇಕು. ಕಾಯುವುದನ್ನೂ ಈ ಕೆಲಸ ಕಲಿಸುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬೆಳಗಿನ ಜಾವ ಮೂರಕ್ಕೆ ಡ್ರೈವರ್ ಕಣ್ಣು ಉಜ್ಜಿಕೊಂಡು "ಸ್ವಲ್ಪ ಹೊತ್ತು ಹಿಡ್ಕೊಳೋ" ಅಂತಾನೆ. ನನಗೂ ಹಾಗೇ ಹೇಳಿದ್ದರು. ಹಿರೀಸಾವೆ ಹತ್ತಿರ, ನನಗಾಗ 19. ಹಿಡಿದೆ. ಎದುರು ಬಂದ ಬಸ್ಸಿನ ಲೈಟಿಗೆ ಕಣ್ಣು ಕತ್ತಲಾಗಿ ಎಡ ಚಕ್ರ ಮಣ್ಣಿಗಿಳಿಯಿತು. ಲೋಡು ಪೂರ್ತಿ ವಾಲಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ವಾಲಿದ ಕ್ಷಣ ಇವತ್ತಿಗೂ ನನ್ನ ಬೆನ್ನಲ್ಲಿದೆ. ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಗಾಡಿ ಕೊಟ್ಟ ಮಾಲೀಕರ ಮೇಲೂ ಕೇಸು. ಅಪಘಾತವಾದರೆ ಇನ್ಶೂರೆನ್ಸ್ ಕೂಡ ಕೈ ಹಿಡಿಯಲ್ಲ. ಅಂಥ ಹೊತ್ತಲ್ಲಿ "ಅಣ್ಣಾ, ಸೈಡಿಗೆ ಹಾಕಿ ಮಲಗಿ, ನಾನು ಎಚ್ಚರ ಇರ್ತೀನಿ" ಅನ್ನು. ಅದು ಕ್ಲೀನರ್ ಹೇಳಬಹುದಾದ ಮಾತೇ.

20 ಆದ ಮೇಲೆ ನೇರ ಹನ್ನೆರಡು ಚಕ್ರಕ್ಕೆ ಹಾರಬೇಡ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಪಿಕಪ್, ಸಣ್ಣ ಕ್ಯಾಂಟರಿಗೆ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಶುಂಠಿ, ಆಲೂಗಡ್ಡೆ ಹಾಕಿಕೊಂಡು ಮಾರ್ಕೆಟ್ಟಿಗೆ ಒಂದಷ್ಟು ದಿನ ಓಡಾಡು. ಜೊತೆಗೇ ಹೆವಿ ಕಲಿ. ಸೇರುವ ಮುಂಚೆ ಡ್ರೈವಿಂಗ್ ಸ್ಕೂಲಿನ ಲಾರಿ ನೋಡು. ನಿಜವಾಗಿ ಓಡುವ ಗಾಡಿ ಇದೆಯಾ, ಎಷ್ಟು ಗಂಟೆ ನಿನ್ನ ಕೈಗೆ ಕೊಡುತ್ತಾರೆ ಅಂತ ಕೇಳು. ಹೆವಿ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು.

ಮುಂದೆ ಟ್ಯಾಂಕರ್ ದಾರಿಯೂ ಇದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಪೆಟ್ರೋಲ್, ಡೀಸೆಲ್ ಪೈಪ್‌ಲೈನ್ ಹಾಸನದ ಮೇಲೇ ಹಾದುಹೋಗುತ್ತದೆ, ಇಲ್ಲೇ ಟ್ಯಾಂಕರ್ ತುಂಬುತ್ತಾರೆ. ಅದಕ್ಕೆ ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ ಮುಗಿಸಿ, ಲೈಸೆನ್ಸಿನಲ್ಲಿ ನಮೂದು ಮಾಡಿಸಬೇಕು.

ಸಂಬಳದ ಮಾತನ್ನು ಗಾಡಿ ಹತ್ತುವ ಮುಂಚೆಯೇ ಮುಗಿಸು. ತಿಂಗಳಿಗಾ, ಟ್ರಿಪ್ಪಿಗಾ, ಬತ್ತಾ (ದಾರಿ ಖರ್ಚಿನ ದುಡ್ಡು) ಎಷ್ಟು, ಪಂಕ್ಚರ್ ಖರ್ಚು ಯಾರದ್ದು? ಓವರ್‌ಲೋಡ್ ದಂಡ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಅದು ನಿನ್ನ ತಲೆಗೆ ಬರುತ್ತಾ ಅಂತಲೂ ಕೇಳು.

ಮನೆಯವರು ಬೇಡ ಅನ್ನುವುದು ಭಯಕ್ಕೆ. ಮಾಲೀಕರ ಹತ್ತಿರ ಮೊದಲ ಸಲ ಮಾತಾಡೋಕೆ ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗು. ಯಾವ ಡ್ರೈವರ್ ಜೊತೆ ಕಳಿಸುತ್ತಾರೆ ಅಂತ ಅವರೇ ಕೇಳಲಿ.