ಒಂದೇ ಪಂದ್ಯ, ಎರಡು ಸಲ ಜಮಾ

ಕ್ರಿಕೆಟ್ ಸ್ಕೋರರ್‌ಗೆ ಅಧಿಕಾರ ಎಂಬುದು ಇಲ್ಲ. ಅಂಪೈರ್ ಎತ್ತಿದ ಮೊಣಕಾಲು ಮುಟ್ಟಿ ತೋರಿಸಿದರೆ ಲೆಗ್‌ಬೈ, ಕೈ ಚಾಚಿದರೆ ನೋಬಾಲ್. ನಾನು ಕೈಯೆತ್ತಿ ‘ಕಂಡೆ’ ಎಂದು ತಿಳಿಸಿ ಪುಸ್ತಕದಲ್ಲಿ ಗುರುತು ಹಾಕುತ್ತೇನೆ, ಅಷ್ಟೆ. ಸ್ಲಿಪ್‌ನಲ್ಲಿ ಸುಲಭದ ಕ್ಯಾಚ್ ಕೈಜಾರಿ ಚೆಂಡು ಬೌಂಡರಿ ದಾಟಿದರೂ ಬ್ಯಾಟರ್ ಹೆಸರಿಗೆ ನಾಲ್ಕು ರನ್. ಅದರಲ್ಲಿ ಹೊಡೆದವನ ಪಾಲೆಷ್ಟು, ಕೈಬಿಟ್ಟವನ ಪಾಲೆಷ್ಟು ಎಂದು ಯಾರೂ ನನ್ನನ್ನು ಕೇಳುವುದಿಲ್ಲ.

ಬೇಸ್‌ಬಾಲ್‌ನಲ್ಲಿ ಕೇಳುತ್ತಾರೆ. ಬ್ಯಾಟರ್ ಓಡಿ ಬೇಸ್ (ಮೈದಾನದ ಮೂಲೆಯ ಗುರುತು) ಮುಟ್ಟಿದ್ದು ಹೊಡೆತದ ಬಲದಿಂದಲೋ, ಫೀಲ್ಡರ್‌ನ ತಪ್ಪಿನಿಂದಲೋ? ಮೊದಲನೆಯದಾದರೆ ಹಿಟ್, ಎರಡನೆಯದಾದರೆ ಎರರ್. ತೀರ್ಪು ಪ್ರೆಸ್ ಬಾಕ್ಸ್‌ನಲ್ಲಿ ಕೂತ ಅಧಿಕೃತ ಸ್ಕೋರರ್‌ನದು. ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ಬಣ್ಣದ ಪೆನ್ನುಗಳನ್ನು ಹರಡಿಕೊಂಡು ಕೂರುವ ನನಗೆ ಅಮೆರಿಕದ ದಾಖಲೆ ಪುಸ್ತಕದ ಹುಚ್ಚು ಹತ್ತಿದ್ದು ಈ ಕಾರಣಕ್ಕೇ. ಅಲ್ಲಿನ ಎಷ್ಟೋ ವಿಚಿತ್ರ ದಾಖಲೆಗಳನ್ನು ಕೆದಕಿದರೆ ಅಡಿಯಲ್ಲಿ ಸಿಗುವವನು ನನ್ನಂಥ ಒಬ್ಬ ಬರೆಯುವವ. ಅಂದಹಾಗೆ, ಆ ಆಟದ ಬಾಕ್ಸ್ ಸ್ಕೋರ್‌ಗೆ, ಅಂದರೆ ಪಂದ್ಯದ ಅಂಕಿಪಟ್ಟಿಗೆ, ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ನ್ಯೂಯಾರ್ಕ್‌ನಲ್ಲಿ ಕ್ರಿಕೆಟ್ ವರದಿ ಬರೆಯುತ್ತಿದ್ದವರು. ನಮ್ಮ ಕುಲದವರೇ.

ಜೋ ಡಿಮಾಜಿಯೊ 1941ರಲ್ಲಿ ಸತತ 56 ಪಂದ್ಯಗಳಲ್ಲಿ ಕನಿಷ್ಠ ಒಂದೊಂದು ಹಿಟ್ ಪಡೆದರು. ಇಂದಿಗೂ ಯಾರೂ ಅದನ್ನು ಮುರಿದಿಲ್ಲ. ಆದರೆ 30ನೇ ಪಂದ್ಯದಲ್ಲಿ ಅವರು ಹೊಡೆದ ಚೆಂಡು ನೆಲದಲ್ಲಿ ಅಡ್ಡಾದಿಡ್ಡಿ ಪುಟಿದು ಷಿಕಾಗೊ ತಂಡದ ಲ್ಯೂಕ್ ಆಪ್ಲಿಂಗ್ ಅವರ ಭುಜಕ್ಕೆ ಬಡಿಯಿತು. ಸ್ಕೋರರ್ ಹಿಟ್ ಎಂದರು. ಆ ದಿನ ಡಿಮಾಜಿಯೊಗೆ ದಕ್ಕಿದ್ದು ಅದೊಂದೇ. ಎರರ್ ಎಂದು ಬರೆದಿದ್ದರೆ ಸರಣಿ 29ಕ್ಕೆ ಮುಗಿಯುತ್ತಿತ್ತು. ನನ್ನ ಮಟ್ಟಿಗೆ ಹಿಟ್ ಎಂದದ್ದೇ ಸರಿ. ಕೆಟ್ಟ ಪುಟಿತಕ್ಕೆ ಫೀಲ್ಡರ್ ಏನು ಮಾಡಿಯಾನು? ಆದರೂ ಆ ಕ್ಷಣ ಪೆನ್ಸಿಲ್ ಹಿಡಿದ ಕೈ ಎಷ್ಟು ಬೆವರಿತ್ತೋ ಎಂದು ಯೋಚಿಸುತ್ತೇನೆ.

ಇದಕ್ಕಿಂತ ಸ್ವಾರಸ್ಯದ್ದು 1910ರ ಪ್ರಕರಣ. ಆ ವರ್ಷ ಅಮೆರಿಕದ ಅತ್ಯುನ್ನತ ಮಟ್ಟದ ಮೇಜರ್ ಲೀಗ್‌ಗಳಲ್ಲಿ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ (ಅಲ್ಲಿ ಅದು ಸರದಿಗೆ ಎಷ್ಟು ಹಿಟ್ ಎಂಬ ಲೆಕ್ಕ) ಪಡೆದವರಿಗೆ ಚಾಮರ್ಸ್ ಕಂಪನಿಯ ಕಾರು ಬಹುಮಾನವಿತ್ತು. ಮುಂದಿದ್ದ ಡೆಟ್ರಾಯಿಟ್‌ನ ಟೈ ಕಾಬ್, ಸರಾಸರಿ ಕೆಡದಿರಲೆಂದು ಕೊನೆಯ ಎರಡು ಪಂದ್ಯ ಆಡದೆ ಕೂತರು. ಹಿಂದಿದ್ದವರು ಕ್ಲೀವ್‌ಲೆಂಡ್‌ನ ನ್ಯಾಪ್ ಲಾಜೊವೇ. ಕೊನೆಯ ದಿನ ಸೇಂಟ್ ಲೂಯಿಸ್‌ನಲ್ಲಿ ಅವರಿಗೆ ಎರಡು ಪಂದ್ಯ. ಕಾಬ್ ಎಂದರೆ ಉರಿದುಬೀಳುತ್ತಿದ್ದ ಎದುರಾಳಿಗಳು ತಮ್ಮ ಎಳೆಯ ಥರ್ಡ್ ಬೇಸ್‌ಮನ್‌ನನ್ನು (ಮೂರನೇ ಬೇಸ್ ಕಾಯುವವನನ್ನು) ದೂರ ಹಿಂದಕ್ಕೆ ನಿಲ್ಲಿಸಿದರು. ಲಾಜೊವೇ ಚೆಂಡನ್ನು ಮೆಲ್ಲಗೆ ತಟ್ಟಿ ತಟ್ಟಿ ಓಡಿದರು. ಎರಡು ಪಂದ್ಯಕ್ಕೆ ಎಂಟು ಹಿಟ್! ಹಿಟ್ ಎನಿಸದೆ ಹೋದ ಇನ್ನೊಂದು ಸರದಿಯನ್ನೂ ಹಿಟ್ ಮಾಡಿದರೆ ಹೊಸ ಸೂಟ್ ಕೊಡಿಸುತ್ತೇವೆ ಎಂಬ ಚೀಟಿ ಸ್ಕೋರರ್‌ಗೆ ಬಂತೆಂದು ಹೇಳುತ್ತಾರೆ. ಪುಣ್ಯಾತ್ಮ ಒಪ್ಪಲಿಲ್ಲ. ಸೇಂಟ್ ಲೂಯಿಸ್ ಮ್ಯಾನೇಜರ್ ಕೆಲಸ ಕಳೆದುಕೊಂಡರು. ಲೀಗ್ ಕಾಬ್‌ಗೆ .385, ಲಾಜೊವೇಗೆ .384 ಎಂದು ಘೋಷಿಸಿತು. ಸಾವಿರ ಸರದಿಗೆ ಒಂದು ಹಿಟ್‌ನ ಅಂತರ. ಕಂಪನಿ ಜಾಣತನ ಮಾಡಿ ಇಬ್ಬರಿಗೂ ಕಾರು ಕೊಟ್ಟಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಎಷ್ಟೋ ದಶಕಗಳ ನಂತರ ಹಳೆಯ ಹಾಳೆಗಳನ್ನು ಜಾಲಾಡಿದ ಸಂಶೋಧಕರಿಗೆ, ಕಾಬ್ ಮೂರು ಸರದಿಯಲ್ಲಿ ಎರಡು ಹಿಟ್ ಪಡೆದ ಒಂದು ಪಂದ್ಯ ಲೆಡ್ಜರ್‌ನಲ್ಲಿ ಎರಡು ಸಲ ಜಮಾ ಆಗಿರುವುದು ಕಂಡಿತು. ತಿದ್ದಿದರೆ ಲಾಜೊವೇ ಮುಂದಾಗುತ್ತಾರೆ. ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಬೋವಿ ಕೂನ್ 1981ರಲ್ಲಿ ತಿದ್ದಲು ಒಪ್ಪಲಿಲ್ಲ. ಹಾಗಾಗಿ ಕಾಬ್ ಜೀವಮಾನದ ಹಿಟ್‌ಗಳು 4191 ಎಂದು ಕೆಲವು ಪುಸ್ತಕ, 4189 ಎಂದು ಕೆಲವು.

ಎರಡೇ ಹಿಟ್ ಅಲ್ಲವೇ ಎನ್ನಬೇಡಿ. ಪೀಟ್ ರೋಸ್ ಕಾಬ್ ಅವರ ಜೀವಮಾನದ ದಾಖಲೆ ಮುರಿದ ತಮ್ಮ 4192ನೇ ಹಿಟ್ ಹೊಡೆದದ್ದು 1985ರ ಸೆಪ್ಟೆಂಬರ್ 11ರಂದು, ತವರಾದ ಸಿನ್ಸಿನಾಟಿಯಲ್ಲಿ. ಪಟಾಕಿ, ಕಣ್ಣೀರು, ಏಳು ನಿಮಿಷ ನಿಲ್ಲದ ಚಪ್ಪಾಳೆ. ತಿದ್ದಿದ ಲೆಕ್ಕ ಹಿಡಿದರೆ ದಾಖಲೆ ಮುರಿದದ್ದು ಮೂರು ದಿನ ಮೊದಲು, ಸೆಪ್ಟೆಂಬರ್ 8ರಂದು ಷಿಕಾಗೊದಲ್ಲಿ. ಕ್ರಿಕೆಟ್‌ನಲ್ಲಿ ಎರಡೂ ತಂಡದ ಸ್ಕೋರರ್‌ಗಳು ಪಕ್ಕಪಕ್ಕ ಕೂತು ಓವರ್ ಓವರಿಗೂ ತಾಳೆ ನೋಡುವುದು ಯಾಕೆಂದು ಹೊಸ ಹುಡುಗರು ಕೇಳಿದಾಗ ನಾನು ಹೇಳುವ ಕಥೆ ಇದೇ.

ಬರೆದದ್ದು ಸರಿಯಿದ್ದರೂ ನಿಯಮ ಬದಲಾಗಿ ದಾಖಲೆ ಹೋಗುವುದುಂಟು. ಪಿಟ್ಸ್‌ಬರ್ಗ್‌ನ ಪಿಚರ್ (ಚೆಂಡೆಸೆಯುವವ) ಹಾರ್ವಿ ಹ್ಯಾಡಿಕ್ಸ್ 1959ರ ಮೇ 26ರಂದು 12 ಇನಿಂಗ್ಸ್‌ಗಳಲ್ಲಿ ಸತತ 36 ಬ್ಯಾಟರ್‌ಗಳನ್ನು ಔಟ್ ಮಾಡಿ, 13ನೆಯದರಲ್ಲಿ ಒಂದು ಹಿಟ್ ಕೊಟ್ಟು 1-0ಯಿಂದ ಸೋತರು. ಆ ಇನಿಂಗ್ಸ್‌ನಲ್ಲಿ ಮೊದಲಿಗ ಬೇಸ್ ಸೇರಿದ್ದು ಸಹ ಆಟಗಾರನ ಎರರ್‌ನಿಂದ. ಪಂದ್ಯ ಮುಗಿಯುವವರೆಗೂ ಹಿಟ್ ಕೊಡದಿದ್ದರೆ ಮಾತ್ರ ನೋ-ಹಿಟ್ಟರ್ ಎಂದು 1991ರಲ್ಲಿ ವ್ಯಾಖ್ಯೆ ಬಿಗಿಯಾಯಿತು. ಹ್ಯಾಡಿಕ್ಸ್ ಹೆಸರು ಪಟ್ಟಿಯಿಂದ ಹೊರಗೆ.

ಕ್ರಿಸ್ ಡೇವಿಸ್ 2015ರಿಂದ 2018ರವರೆಗೆ ನಾಲ್ಕು ವರ್ಷವೂ .247 ಸರಾಸರಿ ಪಡೆದದ್ದು, ಸ್ಟ್ಯಾನ್ ಮ್ಯೂಸಿಯಲ್ ಅವರ 3630 ಹಿಟ್‌ಗಳಲ್ಲಿ ತವರಲ್ಲಿ 1815, ಹೊರಗೆ 1815 ಆದದ್ದು ಓದಲು ಚೆಂದ. ಇವನ್ನು ದಾಖಲೆ ಎನ್ನಲು ನನಗೆ ಮನಸ್ಸಿಲ್ಲ. ಸಾವಿರಾರು ಆಟಗಾರರ ಅಂಕಿಗಳನ್ನು ಬಗೆಬಗೆಯಾಗಿ ಜರಡಿ ಹಿಡಿದರೆ ಇಂಥವು ಉದುರಲೇಬೇಕು.

ನನಗೆ ನಿದ್ದೆಗೆಡಿಸಿದ್ದು ಡ್ಯಾನಿ ಜಾನ್ಸೆನ್ ಪ್ರಕರಣ. 2024ರ ಜೂನ್ 26ರಂದು ಬಾಸ್ಟನ್‌ನಲ್ಲಿ ಟೊರಾಂಟೊ ಪರ ಬ್ಯಾಟ್ ಹಿಡಿದು ನಿಂತು, ಒಂದು ಸ್ಟ್ರೈಕ್ (ಇಂಥವು ಮೂರಾದರೆ ಬ್ಯಾಟರ್ ಔಟ್, ಅದೇ ಸ್ಟ್ರೈಕ್‌ಔಟ್) ಆಗಿದ್ದಾಗ ಮಳೆ ಬಂತು. ಪಂದ್ಯ ಮುಂದುವರಿದದ್ದು ಆಗಸ್ಟ್ 26ಕ್ಕೆ. ಅಷ್ಟರಲ್ಲಿ ಅವರು ಬಾಸ್ಟನ್ ತಂಡಕ್ಕೇ ಸೇರಿದ್ದರು. ಅವರ ಅರ್ಧ ಸರದಿ ಪೂರೈಸಲು ಡಾಲ್ಟನ್ ವಾರ್ಷೊ ಬಂದಾಗ ಹಿಂದೆ ಕ್ಯಾಚರ್ ಆಗಿ ಕೂತಿದ್ದವರು ಜಾನ್ಸೆನ್! ಮೇಜರ್ ಲೀಗ್‌ನಲ್ಲಿ ಒಂದೇ ಪಂದ್ಯದಲ್ಲಿ ಎರಡೂ ತಂಡಗಳಿಗೆ ಆಡಿದ ಮೊದಲಿಗ. ಎಲ್ಲವೂ ಜಮಾ ಆಗುವುದು ಮೂಲ ತಾರೀಖಿಗೆ, ಅಂದರೆ ಬಾಸ್ಟನ್ ಸೇರುವ ಒಂದು ತಿಂಗಳ ಮೊದಲೇ ಅವರು ಬಾಸ್ಟನ್ ಪರ ಆಡಿದ್ದಾರೆ. ವಾರ್ಷೊ ಸ್ಟ್ರೈಕ್‌ಔಟ್ ಆದರು, ಔಟ್ ವಾರ್ಷೊ ಹೆಸರಿಗೇ ಹೋಯಿತು. ಆದರೆ ಎರಡು ಸ್ಟ್ರೈಕ್ ಆದ ಮೇಲೆ ಬ್ಯಾಟರ್ ಬದಲಾದರೆ ಸ್ಟ್ರೈಕ್‌ಔಟ್ ಮೊದಲಿನವನ ಖಾತೆಗೆ ಎನ್ನುತ್ತದೆ ನಿಯಮ. ಮಳೆ ಇನ್ನೊಂದು ಸ್ಟ್ರೈಕ್‌ನಷ್ಟು ಹೊತ್ತು ತಡೆದಿದ್ದರೆ, ತಾನು ಔಟಾದ ಚೆಂಡನ್ನು ಜಾನ್ಸೆನ್ ತಾನೇ ಕೂತು ಹಿಡಿದಂತಾಗುತ್ತಿತ್ತು.